ಕರೆಯದೆ ಬಂದ ನಾದಿನಿ

ನಾಚಿಕೆ ಪಡುವುದು ನನ್ನ ಜಾಯಮಾನದಲ್ಲೇ ಇರಲಿಲ್ಲ. ನಲವತ್ತನಾಲ್ಕು ವರ್ಷ ಬಾಳಿದ್ದೇನೆ, ಇಪ್ಪತ್ತು ವರ್ಷ ಒಂದೇ ಕೆಲಸ ಮಾಡಿದ್ದೇನೆ, ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ. ಈಗ ಆ ಬುಧವಾರ ನೆನಪಾದರೆ ಬಸ್ಸಿನಲ್ಲಿ ನಿಂತಿದ್ದರೂ ಕಿವಿ ಬಿಸಿಯಾಗುತ್ತದೆ. ಮೊನ್ನೆ ಪಕ್ಕದವನಿಗೆ ಕೇಳುವಷ್ಟು ಜೋರಾಗಿ ‘ಥೂ’ ಅಂದುಬಿಟ್ಟೆ. ಆತ ತನಗೇ ಅಂದದ್ದು ಎಂದುಕೊಂಡು ಮುಂದಿನ ಸ್ಟಾಪಿನವರೆಗೂ ನನ್ನನ್ನು ದುರುಗುಟ್ಟಿ ನೋಡಿದ.

ಬೇರೆಯವರ ಮನೆಯ ಕಷ್ಟವನ್ನು ಕೂತು ಕೇಳುವುದು ನನ್ನ ಕೆಲಸ. ನನ್ನ ಕೋಣೆಯ ಬಾಗಿಲ ಮೇಲೆ ‘ಕುಟುಂಬ ಆಪ್ತಸಮಾಲೋಚಕಿ’ ಎಂದು ಬರೆದಿದೆ. ನನ್ನ ಅಣ್ಣ ಅದನ್ನು ‘ಕಂಡವರ ಮನೆ ಪಂಚಾಯ್ತಿ’ ಅನ್ನುತ್ತಾನೆ. ನಮ್ಮ ಕೇಂದ್ರಕ್ಕೆ ಹತ್ತಾರು ಭಾಷೆಯ ಜನ ಬರುತ್ತಾರೆ. ನಮ್ಮ ಭಾಷೆಯವರು ಯಾರೇ ಬರಲಿ, ಕಣ್ಣು ಮುಚ್ಚಿಕೊಂಡು ನನ್ನ ಕೋಣೆಗೆ ಕಳಿಸುತ್ತಾರೆ. ಹೊಸಬರಿಗೆ ಪಾಠ ಮಾಡುವವಳೂ ನಾನೇ. ‘ಯಾವ ಮನೆಯವರೇ ಬರಲಿ, ಮೊದಲು ಆ ಮನೆಯ ರೀತಿ ರಿವಾಜು ತಿಳಿದುಕೊಳ್ಳಿ. ನಿಮ್ಮ ಮನೆಯ ಅಳತೆಕೋಲು ಹಿಡಿದುಕೊಂಡು ಹೋಗಬೇಡಿ’ ಎಂದು ವರ್ಷಕ್ಕೆ ನಾಲ್ಕು ಸಲ ಗಂಟಲು ಹರಿದುಕೊಳ್ಳುತ್ತೇನೆ. ಅವರು ನನಗಿಟ್ಟ ಅಡ್ಡಹೆಸರು ‘ಗರಗಸ’. ಅದರ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ ಬೇರೆ ಇತ್ತು.

ಈ ಕೆಲಸದಲ್ಲಿ ಒಂದು ಕಟ್ಟುಪಾಡಿದೆ. ಎಷ್ಟೇ ಹಳಬರಾಗಿರಲಿ, ಹದಿನೈದು ದಿನಕ್ಕೊಮ್ಮೆ ಮೇಲ್ವಿಚಾರಕರ ಮುಂದೆ ಕೂತು ತಮ್ಮ ಕೆಲಸ ತೋರಿಸಬೇಕು. ಬರೀ ಬಾಯಿಮಾತು ನಡೆಯುವುದಿಲ್ಲ. ಮನೆಯವರ ಒಪ್ಪಿಗೆ ಪಡೆದು ಪ್ರತಿ ಭೇಟಿಯ ವಿಡಿಯೋ ತೆಗೆದಿರುತ್ತೇವೆ, ಅದರಲ್ಲಿ ಹತ್ತು ನಿಮಿಷ ಆರಿಸಿ ತೋರಿಸಬೇಕು. ನಿಯಮದ ಪ್ರಕಾರ ಆರಿಸಬೇಕಾದ್ದು ನಮಗೆ ದಾರಿ ತೋಚದೆ ಒದ್ದಾಡಿದ ಹತ್ತು ನಿಮಿಷ. ನಾನು ಆರಿಸುತ್ತಿದ್ದದ್ದು ನಾನು ಮಿಂಚಿದ ಹತ್ತು ನಿಮಿಷ. ನನ್ನ ಹಳೆಯ ಮೇಲ್ವಿಚಾರಕರು ನೋಡಿ ‘ಭೇಷ್’ ಅನ್ನುತ್ತಿದ್ದರು, ಇಬ್ಬರೂ ಚಹಾ ಕುಡಿದು ಏಳುತ್ತಿದ್ದೆವು.

ಅವರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಬಂದವಳು ನನ್ನ ಶಿಷ್ಯೆ. ಹೌದು, ನಾನೇ ಪಾಠ ಹೇಳಿದವಳು. ತರಗತಿಯಲ್ಲಿ ತುಟಿ ಪಿಟಕ್ಕೆನ್ನದೆ ಕೂತಿರುತ್ತಿದ್ದಳು ಎಂದು ನಾನೇ ಅವಳಿಗೆ ‘ಮೌನಗೌರಿ’ ಎಂದು ಹೆಸರಿಟ್ಟಿದ್ದೆ. ಈಗ ಅವಳಿಗೆ ಮೂವತ್ತೈದು. ನಮ್ಮ ಭಾಷೆಯ ಒಂದಕ್ಷರವೂ ಅವಳಿಗೆ ಬಾರದು. ನಾವಿಬ್ಬರೂ ಮಾತಾಡುವುದು ಆಫೀಸಿನ ಭಾಷೆಯಲ್ಲಿ, ಇಲ್ಲಿ ಮಾತ್ರ ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ. ‘ಭಾಷೆಯೇ ಗೊತ್ತಿಲ್ಲದವಳು ನನ್ನ ವಿಡಿಯೋ ನೋಡಿ ಏನು ಮಣ್ಣು ಹೇಳ್ತಾಳೆ’ ಎಂದು ಅಣ್ಣನ ಮುಂದೆ ಆಡಿಕೊಂಡಿದ್ದೆ.

ಆಗ ನನ್ನ ಕೈಲಿದ್ದದ್ದು ನಮ್ಮ ಭಾಷೆಯವರದೇ ಒಂದು ಸಂಸಾರ. ಹಿರಿಯರೆಂದರೆ ಅಜ್ಜಿ, ಮೂವತ್ತೈದು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ಅವರ ಮಗ ಲಿಫ್ಟ್ ರಿಪೇರಿ ಕೆಲಸದವರು, ನನಗಿಂತ ಎರಡು ವರ್ಷ ದೊಡ್ಡವರು. ಸೊಸೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಇವರ ಜೊತೆ ಒಂಬತ್ತು ವರ್ಷದ ಹುಡುಗಿ, ತಲೆಗೆ ಉಣ್ಣೆ ಟೋಪಿ ಹಾಕಿಕೊಂಡೇ ಬರುತ್ತಿದ್ದಳು. ಟೋಪಿ ತೆಗೆದರೆ ಎಡಗಿವಿಯ ಮೇಲೆ ಅಂಗೈಯಗಲ ಕೂದಲಿರಲಿಲ್ಲ. ಚರ್ಮದ ಡಾಕ್ಟರು ‘ಇದು ಕಾಯಿಲೆಯಲ್ಲ, ಮಗು ತಾನೇ ಕಿತ್ತುಕೊಳ್ಳುತ್ತಿದೆ’ ಎಂದು ಚೀಟಿ ಬರೆದು ನಮ್ಮಲ್ಲಿಗೆ ಕಳಿಸಿದ್ದರು. ಅದು ಯಾಕೆ ಎಂದು ಕಂಡುಹಿಡಿದು ನಿಲ್ಲಿಸಬೇಕಾದ್ದು ನನ್ನ ಹೊಣೆ.

ಮೊದಲ ದಿನವೇ ನನ್ನ ಚಾಕಚಕ್ಯತೆಯನ್ನೆಲ್ಲ ತೋರಿಸಿದೆ. ಹಿರಿಯರಿಗೆ ಬೆನ್ನು ಒರಗಿಸುವ ಕುರ್ಚಿ ಕೊಟ್ಟೆ, ಮೊದಲು ಅವರನ್ನೇ ಮಾತಾಡಿಸಿದೆ, ಅಮ್ಮಾ ಎಂದು ಕರೆದೆ. ಮಗನನ್ನು ಅಣ್ಣಾ ಎಂದೆ. ಹತ್ತು ನಿಮಿಷದಲ್ಲಿ ಮುದುಕಿ ಕರಗಿ ನೀರಾದರು. “ಈ ಆಫೀಸಿನಲ್ಲಿ ಎಂಥವರು ಇರ್ತಾರೋ ಅಂತ ಭಯ ಇತ್ತು ಮಗಳೇ. ನಮ್ಮೋಳು ಅಂದ್ರೆ ನಮ್ಮೋಳೇ ನೋಡು,” ಅಂದರು. ಮೂರನೆಯ ಭೇಟಿಯಲ್ಲಂತೂ ಅತ್ತರು. ಮೊಮ್ಮಗಳು ಚಿನಕುರುಳಿಯ ಹಾಗೆ ಮಾತಾಡುತ್ತಿದ್ದವಳು ಹೀಗೆ ಮೂಕಿಯಾದಳಲ್ಲ, ದಿನಾ ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಹೇಳಿಕೊಟ್ಟರೂ ತಲೆಗೆ ಹತ್ತುವುದಿಲ್ಲವಲ್ಲ ಎಂದು ನನ್ನ ಕೈ ಹಿಡಿದುಕೊಂಡು, “ನೀನು ನನ್ನ ಹೊಟ್ಟೇಲಿ ಹುಟ್ಟಬೇಕಾಗಿತ್ತು ಕಣೇ,” ಅಂದರು. ಅಟ್ಟಕ್ಕೇರಿಸಿದರು, ನಾನು ಏರಿ ಕೂತೆ. ನನ್ನ ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಯಾರೂ ನನ್ನನ್ನು ಮಗಳೇ ಎಂದು ಕರೆದಿರಲಿಲ್ಲ. ಇದು ನೆಪವಲ್ಲ, ನಡೆದದ್ದನ್ನು ಹೇಳುತ್ತಿದ್ದೇನೆ.

ಮೌನಗೌರಿಯ ಮುಂದೆ ಇಡಲು ನಾನು ಆರಿಸಿದ್ದು ಆ ಅಳುವಿನ ಹತ್ತು ನಿಮಿಷವನ್ನೇ. ಅವಳ ಕೋಣೆ ಕಡತದ ಕಪಾಟುಗಳ ನಡುವೆ ಇದೆ, ಇಬ್ಬರು ಕೂತರೆ ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ಅವಳು ಗಲ್ಲಕ್ಕೆ ಕೈಕೊಟ್ಟು ಪೂರ್ತಿ ನೋಡಿದಳು. ಭೇಷ್ ಅನ್ನಲಿಲ್ಲ.

“ಮುಂದಿನ ಐದು ನಿಮಿಷವನ್ನೂ ನೋಡೋಣವಾ ಮೇಡಂ?” ಅಂದಳು.

“ಅದರಲ್ಲೇನೂ ಇಲ್ಲ. ಮುಂದಿನ ತಾರೀಕು ಗೊತ್ತು ಮಾಡಿದ್ದು, ಅಷ್ಟೆ,” ಎಂದು ನಿಲ್ಲಿಸಲು ಕೈ ಚಾಚಿದೆ. ಅವಳು ನನ್ನ ಕೈಯನ್ನು ತಡೆಯಲಿಲ್ಲ, ಸುಮ್ಮನೆ ನೋಡಿದಳು. ಪಾಠ ಹೇಳಿದವಳು ನಾನು, ಆ ನೋಟವನ್ನು ಕಲಿಸಿದವಳೂ ನಾನೇ. ಕೈ ಹಿಂದಕ್ಕೆ ತೆಗೆದುಕೊಂಡೆ.

ಪರದೆಯ ಮೇಲೆ ಅಜ್ಜಿ ಕಣ್ಣೊರೆಸಿಕೊಳ್ಳುತ್ತಿದ್ದರು. ಸೊಸೆ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅವಳು ತಲೆ ಎತ್ತಿ ಮೆಲ್ಲಗೆ, “ಮೇಡಂ, ನಿಮ್ಮ ಹತ್ರ ಒಂದೈದು ನಿಮಿಷ ಒಬ್ಬಳೇ ಮಾತಾಡಬಹುದಾ?” ಅಂದಳು.

ಪರದೆಯ ಮೇಲಿನ ನಾನು ನಗುತ್ತಿದ್ದೆ. “ಅಯ್ಯೋ, ಅದೇನಮ್ಮಾ ಅಂಥಾ ಗುಟ್ಟು? ಇಲ್ಲಿರೋರೆಲ್ಲ ಮನೆಯವರೇ ತಾನೆ. ಅಮ್ಮ ಏನು ಹುಲೀನಾ ಕರಡೀನಾ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನಿನ್ನ ಕಾಲ ಬಂದಾಗ ಒಬ್ಬಳೇ ಬರುವೆಯಂತೆ!”

ಅಜ್ಜಿ ಅತ್ತ ಕಣ್ಣಲ್ಲೇ ನಕ್ಕರು. ಮಗ ತೊಡೆ ತಟ್ಟಿಕೊಂಡು ನಕ್ಕರು. ಸೊಸೆಯೂ ನಕ್ಕಳು. ಅಷ್ಟರಲ್ಲಿ ವಿಡಿಯೋ ಮುಗಿಯಿತು.

“ಅವರು ಏನು ಕೇಳಿದರು?” ಮೌನಗೌರಿ ಕೇಳಿದಳು.

“ಮುಂದಿನ ಸಲ ಯಾವತ್ತು ಬರಬೇಕು ಅಂತ.”

ಸುಳ್ಳು ಹೇಳಿದೆ. ಯೋಚನೆ ಮಾಡಿ ಹೇಳಿದ ಸುಳ್ಳಲ್ಲ, ನಾಲಿಗೆ ತಾನಾಗಿ ಹೇಳಿತು. ಇಪ್ಪತ್ತು ವರ್ಷದ ಅನುಭವವಿರುವ ಹೆಂಗಸು, ನಾನು ಕಲಿಸಿದ ಹುಡುಗಿಯ ಮುಂದೆ, ಅವಳಿಗೆ ಭಾಷೆ ಬಾರದು ಎಂಬ ಒಂದೇ ಧೈರ್ಯದ ಮೇಲೆ ಹಸೀ ಸುಳ್ಳು ಹೇಳಿದೆ.

ಅವಳು ನಿಜವಾಗಿಯೂ ಅರ್ಥವಾಗದವರ ದನಿಯಲ್ಲಿ ಕೇಳಿದಳು: “ಅಷ್ಟಕ್ಕೆ ಎಲ್ಲರೂ ಯಾಕೆ ನಕ್ಕರು?”

ಇದ್ದದ್ದು ಇದ್ದ ಹಾಗೆ ಹೇಳಿದೆ. ಸೊಸೆಯ ಪ್ರಶ್ನೆ, ನನ್ನ ಉತ್ತರ, ಅತ್ತೆ-ಸೊಸೆ ಕಾಲದ ಗಾದೆ ಎಲ್ಲವನ್ನೂ. ಹೇಳುವಾಗ ಮೌನಗೌರಿಯ ಮುಖ ನೋಡಲಾಗದೆ ಕಪಾಟಿನ ಬೀಗ ನೋಡುತ್ತಿದ್ದೆ. ನಾನು ಸುಳ್ಳು ಹೇಳಿದ್ದರ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಜಗಳವಾದರೂ ಆಡುತ್ತಿದ್ದೆ.

“ಆ ಹಿರಿಯರನ್ನು ಏನಂತ ಕರೀತೀರಿ?” ಅಂದಳು.

“ಅಮ್ಮ ಅಂತ. ನಮ್ಮಲ್ಲಿ ಅದು ಗೌರವ. ಹೆಸರು ಹಿಡಿದು ಕರೆದರೆ ಅವರು ಎದ್ದು ಹೋಗ್ತಿದ್ರು.” ನನ್ನ ಪಾಠದ ದನಿ ವಾಪಸ್ಸು ಬಂದಿತ್ತು.

“ಅವರ ಮಗನನ್ನು?”

“ಅಣ್ಣ.”

“ಹಾಗಾದರೆ ಆ ಸೊಸೆಗೆ ನೀವು ಏನಾದಿರಿ?”

ಇಷ್ಟು ಸುಲಭದ ಪ್ರಶ್ನೆಗೆ ಬೆರಳು ಮಡಿಚಿ ಲೆಕ್ಕ ಹಾಕಿದೆ. ಅತ್ತೆಗೆ ಮಗಳು, ಗಂಡನಿಗೆ ತಂಗಿ. “ನಾದಿನಿ,” ಅಂದೆ. ಅದಕ್ಕೆ ಆಫೀಸಿನ ಭಾಷೆಯಲ್ಲಿ ಸರಿಯಾದ ಮಾತಿಲ್ಲ, ಗಂಡನ ತಂಗಿ ಎಂದು ಬಿಡಿಸಿ ಹೇಳಿದೆ.

“ನಿಮ್ಮ ಮನೆಗಳಲ್ಲಿ ಅತ್ತೆಯ ಮೇಲಿನ ದೂರನ್ನು ನಾದಿನಿಯ ಹತ್ತಿರ ಹೇಳಿಕೊಳ್ಳುತ್ತಾರಾ ಮೇಡಂ?”

ಚುಚ್ಚಲು ಕೇಳಿದ್ದಲ್ಲ. ಅವಳಿಗೆ ಗೊತ್ತಿರಲಿಲ್ಲ, ತಿಳಿದುಕೊಳ್ಳಲು ಕೇಳಿದಳು. ನಾನು ಹೊಸಬರಿಗೆ ಕಲಿಸುವುದು ಅದನ್ನೇ ಅಲ್ಲವೇ, ‘ಗೊತ್ತಿಲ್ಲದಿದ್ದರೆ ಕೇಳಿ’ ಎಂದು? ನನಗೋ ಎಲ್ಲವೂ ಗೊತ್ತಿತ್ತು. ಆ ಮನೆಯ ಮಾತು, ಮರ್ಯಾದೆ, ಯಾರಿಗೆ ಯಾವ ಕುರ್ಚಿ ಎಂಬುದೆಲ್ಲ ಗೊತ್ತಿದ್ದೇ ಹೋಗಿ ನೇರವಾಗಿ ಅತ್ತೆಯ ಮಡಿಲಲ್ಲಿ ಕೂತಿದ್ದೆ. ಯಾರೂ ಕರೆದಿರಲಿಲ್ಲ.

ಆಗ ನನಗೆ ಸೊಸೆಯ ಆ ನಗು ಎಲ್ಲಿ ನೋಡಿದ್ದು ಎಂದು ಹೊಳೆಯಿತು. ಅದು ನನ್ನ ಅತ್ತಿಗೆಯ ನಗು. ಅಣ್ಣನ ಮನೆಗೆ ಹೋದಾಗಲೆಲ್ಲ ಅಮ್ಮನ ಪಕ್ಕ ಕಾಲು ಚಾಚಿ ಕೂತು, ‘ಅತ್ತಿಗೆ ಮಾಡಿದ ಚಹಾ ಕುಡಿಯೋದಕ್ಕೂ ಧೈರ್ಯ ಬೇಕಪ್ಪಾ’ ಎಂದು ನಾನು ತಮಾಷೆ ಮಾಡುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ಅತ್ತಿಗೆಯೂ ನಗುತ್ತಿದ್ದಳು. ಅತ್ತಿಗೆ ಒಳ್ಳೆಯವಳು, ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ ಎಂದು ನಾನೇ ಊರಿಗೆಲ್ಲ ಹೇಳಿದ್ದೆ.

ಮೌನಗೌರಿ ವಿಡಿಯೋವನ್ನು ಹಿಂದಕ್ಕೆ ತಿರುಗಿಸಿದಳು. “ನನಗೆ ಮಾತು ತಿಳಿಯುವುದಿಲ್ಲವಲ್ಲ, ಅದಕ್ಕೇ ಕೈಗಳನ್ನು ನೋಡುತ್ತಾ ಇದ್ದೆ. ನೀವೂ ಒಂದು ಸಲ ಹಾಗೆ ನೋಡಿ,” ಎಂದು ದನಿ ಆಫ್ ಮಾಡಿದಳು.

ಅಜ್ಜಿ ಹುಡುಗಿಯ ಎಡಕ್ಕೆ ಕೂತಿದ್ದರು. ಕನ್ನಡಕ ಸರಿ ಮಾಡಿಕೊಳ್ಳಲು ಬಲಗೈ ಎತ್ತಿದರು. ಹುಡುಗಿಯ ತಲೆ ಬಲಕ್ಕೆ ವಾಲಿತು. ಕಣ್ಣೊರೆಸಲು ಎತ್ತಿದರು, ಮತ್ತೆ ವಾಲಿತು. ನೀರಿನ ಲೋಟಕ್ಕೆ ಕೈ ಚಾಚಿದರು, ಹುಡುಗಿ ಎಡಗಿವಿಯನ್ನು ಟೋಪಿಯ ಮೇಲಿಂದಲೇ ಮುಚ್ಚಿಕೊಂಡಳು. ಹದಿನೈದು ನಿಮಿಷದಲ್ಲಿ ಏಳು ಸಲ. ನಾನು ಅವರ ಎದುರಿಗೇ, ಎರಡು ಮಾರು ದೂರದಲ್ಲಿ ಕೂತಿದ್ದೆ. ಮೊದಲ ದಿನದ ಟಿಪ್ಪಣಿಯಲ್ಲಿ ‘ಹುಡುಗಿ ಬಲಗೈಯವಳು, ಕೂದಲು ಹೋಗಿರುವುದು ಎಡಗಡೆ’ ಎಂದು ನನ್ನದೇ ಅಕ್ಷರದಲ್ಲಿ ಬರೆದಿದ್ದೆ. ಬರೆದು ಅಡಿಗೆರೆ ಬೇರೆ ಎಳೆದಿದ್ದೆ.

“ಅದರಿಂದ ಏನೂ ಸಾಬೀತಾಗಲ್ಲ,” ಅಂದೆ. “ಇರಬಹುದು,” ಅಂದಳು ಅವಳು. ನಾನು ಕುರ್ಚಿಯನ್ನು ಧಡಾರನೆ ಹಿಂದಕ್ಕೆ ತಳ್ಳಿ ಹೊರಗೆ ಬಂದೆ. ಕೈಲಾಗದವಳು ಮೈ ಪರಚಿಕೊಂಡಳಂತೆ, ಹಾಗೆ ಬಾತ್‌ರೂಮಿನಲ್ಲಿ ನಿಂತು ಅವಳನ್ನು ಬಾಯಿಗೆ ಬಂದಂತೆ ಬೈದೆ. ಕನ್ನಡಿಯಲ್ಲಿ ನನ್ನ ಮುಖ ಕಂಡ ಮೇಲೆ ಬೈಗುಳ ನಿಂತಿತು. ಮುಖ ತೊಳೆದುಕೊಂಡು ಮತ್ತೆ ಅವಳ ಕೋಣೆಗೆ ಹೋಗಿ, “ಸೊಸೆಯನ್ನ ಬೇರೆಯಾಗಿ ಕರೀತೀನಿ,” ಅಂದೆ. “ಈಗಲೇ ಕರೆಯಿರಿ,” ಅಂದಳು.

ಲಾಂಡ್ರಿಯ ನಂಬರಿಗೆ ಫೋನ್ ಮಾಡಿದೆ. ಹಿಂದೆ ಮಷಿನ್‌ಗಳ ಗದ್ದಲವಿತ್ತು.

“ಅತ್ತೆ ಮನೆಯಲ್ಲೇ ಇದಾರೆ ಮೇಡಂ, ಅವರಿಗೇ ಮಾಡಿ,” ಅಂದಳು ಸೊಸೆ.

“ಅವರ ಹತ್ರ ಅಲ್ಲ. ನಿಮ್ಮ ಹತ್ರಾನೇ ಮಾತಾಡಬೇಕು. ನೀವು, ಮಗು, ಇಬ್ಬರೇ ಬನ್ನಿ.”

ಅಲ್ಲಿಯವರೆಗೆ ನಾನು ಅತ್ತೆಗೆ, ಗಂಡನಿಗೆ ನೀವು, ಅವಳಿಗೆ ಮಾತ್ರ ಬಾಮ್ಮಾ, ಹೋಗಮ್ಮಾ ಅನ್ನುತ್ತಿದ್ದೆ. ಅವಳು ದನಿ ತಗ್ಗಿಸಿ, “ಬುಧವಾರ ಹಲ್ಲಿನ ಡಾಕ್ಟರ್ ಹತ್ರ ಅಂತ ಹೇಳಿ ಬರ್ತೀನಿ. ಮೂರರಿಂದ ನಾಲ್ಕೂವರೆ, ಅಷ್ಟೇ ಆಗೋದು,” ಎಂದು ಫೋನ್ ಇಟ್ಟುಬಿಟ್ಟಳು.

ಬುಧವಾರ ಮೂರಕ್ಕೆ ಐದು ನಿಮಿಷವಿರುವಾಗಲೇ ಮಗಳೊಂದಿಗೆ ಬಂದಳು. ಕೈಯಲ್ಲಿ ಲಾಂಡ್ರಿಯ ದೊಡ್ಡ ಬಟ್ಟೆಚೀಲವಿತ್ತು. ಮೌನಗೌರಿ ಕಾರಿಡಾರಿನಲ್ಲೇ ಹುಡುಗಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಮಾತಿಲ್ಲದೆ ಬಣ್ಣದ ಪೆನ್ಸಿಲ್ ಡಬ್ಬ ತೋರಿಸಿದಳು. ಹುಡುಗಿ ಹಸಿರು ಆರಿಸಿಕೊಂಡು ಹೊರಗಿನ ಮೇಜಿಗೆ ಹೋಗಿ ಕೂತಳು, ನಮ್ಮ ಸಹಾಯಕಿ ಅವಳ ಜೊತೆಗಿದ್ದಳು.

ನನ್ನ ಕೋಣೆಯಲ್ಲಿ ಸೊಸೆಗೆ ಬೆನ್ನು ಒರಗಿಸುವ ಕುರ್ಚಿಯನ್ನೇ ಕೊಟ್ಟೆ. ಅವಳು ಅದರಲ್ಲೂ ತುದಿಯಲ್ಲೇ ಕೂತಳು. ರಾತ್ರಿಯೆಲ್ಲ ಕೂಡಿಸಿಟ್ಟುಕೊಂಡಿದ್ದ ಮಾತುಗಳನ್ನು ಹೇಳಿದೆ: “ಆವತ್ತು ನೀವು ಮಾತಾಡಬೇಕು ಅಂದ್ರಿ. ನಾನು ನಕ್ಕು ನಿಮ್ಮ ಬಾಯಿ ಮುಚ್ಚಿಸಿದೆ. ತುಂಬಾ ದೊಡ್ಡ ತಪ್ಪು ಮಾಡಿದೆ. ನನ್ನನ್ನ ಕ್ಷಮಿಸಿ.”

ಅವಳು ಚೀಲದ ಹಿಡಿಕೆ ತಿರುವುತ್ತಾ ಕೇಳಿಸಿಕೊಂಡಳು. “ಸರಿ. ಈಗ ನಾನು ಅಯ್ಯೋ ಬಿಡಿ ಮೇಡಂ, ಪರವಾಗಿಲ್ಲ ಅನ್ನಬೇಕು. ಅಲ್ವಾ?” ಅಂದಳು. “ಎಲ್ಲರಿಗೂ ಅಂದು ಅಂದು ರೂಢಿ ಇದೆ ನಂಗೆ. ಇವತ್ತು ಅನ್ನೋಕೆ ಬರ್ತಿಲ್ಲ.”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ನನ್ನ ಹಾಳು ಬುದ್ಧಿ ನೋಡಿ, ಅವಳು ಇಷ್ಟು ಚೆನ್ನಾಗಿ ಮಾತಾಡುತ್ತಾಳಲ್ಲ ಎಂದು ಆಶ್ಚರ್ಯವೂ ಆಯಿತು.

“ಹೊರಗೆ ಮಗೂಗೆ ಪೆನ್ಸಿಲ್ ಕೊಟ್ರಲ್ಲ, ಅವರು ಯಾರು?” ಕೇಳಿದಳು.

“ನನ್ನ ಕೆಲಸ ನೋಡೋ ಮೇಲ್ವಿಚಾರಕರು. ನನಗಿಂತ ದೊಡ್ಡ ಹುದ್ದೆ.”

“ನಾನು ಅವರ ಹತ್ರ ಹೇಳ್ತೀನಿ.”

“ಅವರಿಗೆ ನಮ್ಮ ಭಾಷೆ ಬರಲ್ಲ.”

“ಗೊತ್ತು. ಅದಕ್ಕೇ.”

ಮೌನಗೌರಿ ಬಂದಳು. ನಮ್ಮ ಭಾಷೆಯ ದುಭಾಷಿ ಒಬ್ಬನೇ, ಅವನು ಶುಕ್ರವಾರದವರೆಗೆ ಬೇರೆ ಊರಿನಲ್ಲಿದ್ದ. ಫೋನಿನಲ್ಲೂ ಸಿಗಲಿಲ್ಲ. ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. ಸೊಸೆ ನಮ್ಮಿಬ್ಬರನ್ನೂ ನೋಡಿ, ನನ್ನ ಕಡೆಗೆ ತಿರುಗಿದಳು.

“ನೀವೇ ಹೇಳಿ. ಆದ್ರೆ ನಾನು ಹೇಳಿದ್ದನ್ನ ಹೇಳಿದ ಹಾಗೇ ಹೇಳಬೇಕು. ಒಂದು ಮಾತು ಸೇರಿಸಬಾರದು, ಒಂದು ಮಾತು ಬಿಡಬಾರದು.”

ಒಪ್ಪಿದೆ. ದುಭಾಷಿಯ ಕೆಲಸಕ್ಕೆ ಅದರದೇ ಶಿಸ್ತಿದೆ. ಮಾತಾಡುವವರ ಪಕ್ಕ ಅರ್ಧ ಹೆಜ್ಜೆ ಹಿಂದೆ ಕೂರಬೇಕು. ಅವರು ನಾನು ಅಂದರೆ ಇವರೂ ನಾನು ಎಂದೇ ಹೇಳಬೇಕು, ಅವಳು ಹೀಗಂದಳು ಹಾಗಂದಳು ಅನ್ನುವಂತಿಲ್ಲ. ನನ್ನ ಕುರ್ಚಿಯನ್ನು ಎಳೆದುಕೊಂಡು ಸೊಸೆಯ ಹಿಂದಕ್ಕೆ ಹಾಕಿಕೊಂಡೆ.

ಮೌನಗೌರಿ ಮೊದಲು ಒಂದು ಮಾತು ಸ್ಪಷ್ಟಪಡಿಸಿದಳು. ಮಗುವಿಗೆ ನೋವಾಗುತ್ತಿದೆ ಎಂದು ತಿಳಿದುಬಂದರೆ ಮಕ್ಕಳ ರಕ್ಷಣೆಯ ಕಚೇರಿಗೆ ಇವತ್ತೇ ತಿಳಿಸಬೇಕಾಗುತ್ತದೆ, ಅದು ತಿಳಿದ ಮೇಲೂ ಮಾತಾಡಲು ಇಷ್ಟವಿದೆಯೇ? ನಾನು ಅದನ್ನು ನಮ್ಮ ಭಾಷೆಯಲ್ಲಿ ಹೇಳಿದೆ.

“ಅದಕ್ಕೇ ಬಂದಿದ್ದು. ನನ್ನ ಅಕ್ಕನ ಮನೆ ಇದೆ, ಇಲ್ಲಿಂದ ನೇರ ಅಲ್ಲಿಗೇ ಹೋಗೋದು,” ಎಂದು ಅವಳು ಚೀಲವನ್ನು ಕಾಲಿನಿಂದ ಒಳಕ್ಕೆ ಸರಿಸಿಕೊಂಡಳು. ಆಮೇಲೆ ಶುರು ಮಾಡಿದಳು. ಅವಳು ಒಂದೊಂದು ವಾಕ್ಯ ಹೇಳಿ ನಿಲ್ಲಿಸುತ್ತಿದ್ದಳು, ನಾನು ತಿರುಗಿಸುತ್ತಿದ್ದೆ.

“ನನ್ನ ಅತ್ತೆ ದಿನಾ ಸಂಜೆ ಮಗೂಗೆ ಲೆಕ್ಕ ಹೇಳಿಕೊಡ್ತಾರೆ. ಒಂದು ತಪ್ಪಿಗೆ ಕಿವಿಯ ಮೇಲಿನ ಕೂದಲು ಹಿಡಿದು ಒಂದು ಸಲ ಎಳೀತಾರೆ. ಅವರಿಗೆ ಅದು ಹಿಂಸೆ ಅಂತಲೇ ಅನ್ನಿಸಲ್ಲ, ಮೂವತ್ತೈದು ವರ್ಷ ಹಾಗೇ ಕಲಿಸಿದ್ದು. ನನ್ನ ಗಂಡನಿಗೆ ಹೇಳಿದೆ. ಅಮ್ಮನ ಕೈಯಲ್ಲಿ ಎಳೆಸಿಕೊಂಡೇ ನಾನು ಮನುಷ್ಯ ಆದದ್ದು ಅಂದ್ರು. ನಾನು ಕೆಲಸದಿಂದ ಬರೋದು ಏಳು ಗಂಟೆಗೆ. ಬಂದಾಗ ಮೇಜಿನ ಕೆಳಗೆ ಕೂದಲು ಬಿದ್ದಿರ್ತಿತ್ತು, ಗುಡಿಸ್ತಿದ್ದೆ.”

ಗುಡಿಸುತ್ತಿದ್ದೆ ಎಂದು ನನ್ನ ಬಾಯಿಯಿಂದಲೇ ಹೇಳಿದೆ.

“ಆಮೇಲಾಮೇಲೆ ಅವಳೇ ಕಿತ್ಕೊಳ್ಳೋಕೆ ಶುರು ಮಾಡಿದ್ಲು. ಯಾಕೇ ಹೀಗ್ ಮಾಡ್ತೀಯಾ ಅಂತ ಕೇಳಿದೆ. ಲೆಕ್ಕ ತಪ್ಪಾಗಿದೆ ಅಂತ ನಂಗೆ ಮೊದಲೇ ಗೊತ್ತಾಗತ್ತಲ್ಲಮ್ಮಾ, ಅಜ್ಜಿ ಕೀಳೋಕೆ ಮುಂಚೆ ನಾನೇ ಕಿತ್ಕೊಂಡ್ರೆ ಅಷ್ಟು ನೋವಾಗಲ್ಲ ಅಂದ್ಲು.”

ಇಲ್ಲಿ ನಾನು ವಾಕ್ಯದ ನಡುವೆಯೇ ನಿಂತೆ. ಮೌನಗೌರಿ ಕಾದಳು, ಸೊಸೆಯೂ ಕಾದಳು. ಯಾರೂ ನೀರು ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ. ವಾಕ್ಯವನ್ನು ಮೊದಲಿನಿಂದ ಹೇಳಿ ಪೂರ್ತಿ ಮಾಡಿದೆ.

“ಡಾಕ್ಟರು ಇಲ್ಲಿಗೆ ಬರೆದುಕೊಟ್ರು. ಇಲ್ಲಿ ನಮ್ಮ ಭಾಷೆಯವರೇ ಒಬ್ಬರಿದಾರೆ ಅಂತ ಗೊತ್ತಾದಾಗ ಸಮಾಧಾನ ಆಯ್ತು. ಹಿತ್ತಲ ಗಿಡ ಮದ್ದಲ್ಲ ಅಂತಾರೆ, ನಾನು ಮದ್ದೇ ಅಂದ್ಕೊಂಡೆ.”

ಈ ಗಾದೆಯನ್ನು ಹೇಗೆ ತಿರುಗಿಸಲಿ? ಮನೆಯ ಹಿಂದೆ ಬೆಳೆದ ಗಿಡ ಔಷಧಿಯಾಗುತ್ತದೆ ಎಂದು ನಂಬಿದ್ದೆ, ಅಂದೆ. ಮೌನಗೌರಿ ತಲೆಯಾಡಿಸಿದಳು.

“ಮೂರನೇ ಸಲ ಬರುವಾಗ ಬಸ್ಸಿನಲ್ಲಿ ಮನಸ್ಸಿನಲ್ಲೇ ಹೇಳಿ ಹೇಳಿ ರೂಢಿ ಮಾಡ್ಕೊಂಡೆ. ಐದು ನಿಮಿಷ ಕೊಡಿ ಅಂತ ಕೇಳಿದೆ. ಅವರು ನಕ್ಕರು.”

ಮುಗುಳ್ನಕ್ಕರು ಎಂಬುದಕ್ಕೆ ಆಫೀಸಿನ ಭಾಷೆಯಲ್ಲಿ ಒಳ್ಳೆಯ ಮೃದುವಾದ ಮಾತಿದೆ. ಅದು ನಾಲಿಗೆಯ ತುದಿಗೆ ಬಂದು ಕೂತಿತ್ತು. ಕ್ಷಮೆ ಕೇಳಿ ಅರ್ಧ ಗಂಟೆ ಆಗಿರಲಿಲ್ಲ, ಆಗಲೇ ಬಂದು ಕೂತಿತ್ತು. ಅದನ್ನು ನುಂಗಿಕೊಂಡು, “ಅವರು ನಕ್ಕರು” ಎಂದೇ ಹೇಳಿದೆ.

ಸೊಸೆ ತಿರುಗಿ ನನ್ನನ್ನು ನೋಡಿದಳು. “ಹೇಳಿದ್ರಾ? ನಕ್ಕರು ಅಂತಲೇ ಹೇಳಿದ್ರಾ?”

“ಹೇಳಿದೆ.”

ಅವಳು ಮತ್ತೆ ಮುಂದಕ್ಕೆ ತಿರುಗಿದಳು. “ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೆ ಇದ್ರೆ ಮನೆಗೆ ಹೋದ ಮೇಲೆ ಕೇಳ್ತಾರೆ, ಏನು ಹೇಳೋಕೆ ಹೋಗಿದ್ದೆ ಅಂತ. ಅದಕ್ಕೆ ನಕ್ಕೆ. ನಾನು ನಕ್ಕಿದ್ದನ್ನ ನನ್ನ ಮಗಳು ನೋಡಿದ್ಲು. ಆವತ್ತಿಂದ ಅವಳು ನನ್ನ ಹತ್ರಾನೂ ಏನೂ ಹೇಳಲ್ಲ.”

ನಾನೂ ನಕ್ಕೆ, ನಾನು ನಕ್ಕದ್ದನ್ನು ನನ್ನ ಮಗಳು ನೋಡಿದಳು ಎಂದು ನಾನು ಹೇಳಿದೆ. ಆವತ್ತಿನಿಂದ ಅವಳು ನನ್ನ ಹತ್ತಿರವೂ ಏನೂ ಹೇಳುವುದಿಲ್ಲ ಎಂದೂ ಹೇಳಿದೆ. ಮೌನಗೌರಿಯ ಪೆನ್ನು ಬರೆಯುತ್ತಾ ಹೋಯಿತು. ಹೊರಗಿನ ಮೇಜಿನಿಂದ ಹುಡುಗಿ ಪೆನ್ಸಿಲ್ ಕೆತ್ತುವ ಸದ್ದು ಬರುತ್ತಿತ್ತು.

ವರದಿಯಲ್ಲಿ ಯಾರು, ಯಾವಾಗ, ಎಲ್ಲಿ ಎಂದು ಬಿಡದೆ ಬರೆಯಬೇಕು. ಅದೂ ನಿಯಮವೇ. ಮೌನಗೌರಿ ಪುಟದಿಂದ ತಲೆ ಎತ್ತಿದಳು. ನನ್ನನ್ನು ನೋಡಲಿಲ್ಲ, ನೋಡಬಾರದು ಕೂಡ. ಸೊಸೆಯನ್ನೇ ನೋಡುತ್ತಾ, “ನೀವು ಸಹಾಯ ಕೇಳಿದಾಗ ನಕ್ಕವರು ಯಾರು ಎಂದು ನಿಮ್ಮ ಮಾತಿನಲ್ಲೇ ಹೇಳಬೇಕು,” ಅಂದಳು.

ನಾನು ಆ ಪ್ರಶ್ನೆಯನ್ನು ನಮ್ಮ ಭಾಷೆಗೆ ತಿರುಗಿಸಿ ಸೊಸೆಯನ್ನು ಕೇಳಿದೆ: “ನೀವು ಸಹಾಯ ಕೇಳಿದಾಗ ನಕ್ಕವರು ಯಾರು?”

ಅವಳು ಕೈ ಎತ್ತಿ ತೋರಿಸಲಿಲ್ಲ, ತಿರುಗಿಯೂ ನೋಡಲಿಲ್ಲ. “ನನ್ನ ಹಿಂದೆ ಕೂತಿದಾರಲ್ಲ, ಇವರೇ,” ಅಂದಳು.

ಮೌನಗೌರಿ ಪೆನ್ನು ಹಿಡಿದು ಕಾಯುತ್ತಿದ್ದಳು. “ನನ್ನ ಹಿಂದೆ ಕೂತಿರುವ ಹೆಂಗಸು,” ಅಂದೆ ನಾನು.